ಹಿಂದಿರುಗಿದರೆ ನಾಚಿಕೆಯಿಲ್ಲ

ನಾರ್ವೆಯ ಹಾರ್ಡಂಗರ್‌ವಿಡ್ಡ, ಸಮುದ್ರಮಟ್ಟದಿಂದ ಸುಮಾರು 1,100 ಮೀಟರ್ ಎತ್ತರದ ಬೋಳು ಪ್ರಸ್ಥಭೂಮಿ. ಚಳಿಗಾಲದಲ್ಲಿ ಕಣ್ಣು ಹಾಯುವಷ್ಟೂ ಹಿಮ. ಡೇರೆ, ಒಲೆ, ಆಹಾರಗಳನ್ನು ಪುಟ್ಟ ಜಾರುಬಂಡಿಗೆ ಹೇರಿ, ಅದನ್ನು ಸೊಂಟಕ್ಕೆ ಬಿಗಿದುಕೊಂಡು ಸಾಹಸಿಗಳು ಸ್ಕೀ ಹಲಗೆಗಳ ಮೇಲೆ ದಿನಗಟ್ಟಲೆ ಸಾಗುತ್ತಾರೆ. ಸಂಜೆ ಹಿಮ ಅಗೆದು ಗಾಳಿಗೆ ಅಡ್ಡಗೋಡೆ ಕಟ್ಟಬೇಕು. ಕುಡಿಯುವ ನೀರಿಗೂ ಹಿಮವನ್ನೇ ಕರಗಿಸಬೇಕು.

1896ರ ಜನವರಿಯಲ್ಲಿ 23ರ ತರುಣ ರೋಆಲ್ಡ್ ಅಮುಂಡ್‌ಸೆನ್ ತನ್ನ ಅಣ್ಣ ಲಿಯಾನ್‌ನೊಡನೆ ಇದನ್ನು ದಾಟಲು ಹೊರಟ. ಡೇರೆ ಒಯ್ದಿರಲಿಲ್ಲ. ಬಿರುಗಾಳಿ ದಾರಿ ತಪ್ಪಿಸಿತು. ರಾತ್ರಿ ಹಿಮದಲ್ಲಿ ಹೂತಿಟ್ಟ ಆಹಾರ ಬೆಳಿಗ್ಗೆ ಹುಡುಕಿದರೂ ಸಿಗಲಿಲ್ಲ. ಮತ್ತೊಂದು ರಾತ್ರಿ ಗುಂಡಿ ತೋಡಿ ಮಲಗಿದ ತಮ್ಮನ ಸುತ್ತ ಒದ್ದೆ ಹಿಮ ಕಲ್ಲಿನಂತೆ ಹೆಪ್ಪುಗಟ್ಟಿತು. ಅಣ್ಣ ಅಗೆದು ತೆಗೆದದ್ದರಿಂದ ಜೀವ ಉಳಿಯಿತು. ಸೋತ ಸೋದರರು ಹಿಂದಿರುಗಿದರು.

1911ರ ಸೆಪ್ಟೆಂಬರಿನಲ್ಲಿ ದಕ್ಷಿಣ ಧ್ರುವಕ್ಕೆ ಹೊರಟ ಅಮುಂಡ್‌ಸೆನ್, ಚಳಿ ಮಿತಿಮೀರಿದಾಗ ಮತ್ತೆ ಹಿಂದಿರುಗಿದ. ಅಕ್ಟೋಬರಿನಲ್ಲಿ ಪುನಃ ಹೊರಟು, ಡಿಸೆಂಬರ್ 14ರಂದು ಅವನ ತಂಡ ಎಲ್ಲರಿಗಿಂತ ಮೊದಲು ಧ್ರುವ ಮುಟ್ಟಿತು.

ಸಕಾಲದಲ್ಲಿ ಹಿಂದಿರುಗಿ, ಅದರಲ್ಲಿ ನಾಚಿಕೆಯಿಲ್ಲ ಎಂಬುದು ಇಂದು ನಾರ್ವೆಯ ಪರ್ವತ ನಿಯಮಗಳಲ್ಲೊಂದು. ಮಕ್ಕಳನ್ನು ಚಾರಣಕ್ಕೆ ಕಳಿಸುವ ಹೆತ್ತವರು ಕಂಬಳಿಯ ಜೊತೆಗೆ ಕಟ್ಟಿಕೊಡಬೇಕಾದ ಬುತ್ತಿಯೂ ಇದೇ.