ನಮ್ಮ ಬೂತಿನ ಹನ್ನೊಂದು ಓಟು

2023ರ ಮೇ 13ರಂದು ವಿಧಾನಸಭೆ ಫಲಿತಾಂಶ ಬಂತಲ್ಲ, ಅವತ್ತು ನಮ್ಮ ಕಡೆಯ ನಾಲ್ಕು ಕ್ಷೇತ್ರಗಳು ನಾಲ್ಕು ದಿಕ್ಕಿಗೆ ಮುಖ ಮಾಡಿ ನಿಂತಿದ್ದವು. ಕೂಡ್ಲಿಗಿಯಲ್ಲಿ ಕಾಂಗ್ರೆಸ್, ಹಡಗಲಿಯಲ್ಲಿ ಬಿಜೆಪಿ, ಹಗರಿಬೊಮ್ಮನಹಳ್ಳಿಯಲ್ಲಿ ಜೆಡಿಎಸ್, ಹರಪನಹಳ್ಳಿಯಲ್ಲಿ ಪಕ್ಷೇತರ. ಕೊಟ್ಟೂರಿಗೆ ಸ್ವಂತ ಕ್ಷೇತ್ರ ಈಗಿಲ್ಲ, 2008ರ ವಿಂಗಡಣೆಯಲ್ಲಿ ಅದು ಹೋಗಿ ನಾವು ಬೊಮ್ಮನಹಳ್ಳಿಯ ಪಾಲಾದೆವು. ಬೆಂಗಳೂರಿನ ಗೆಳೆಯನೊಬ್ಬ ಫೋನ್ ಮಾಡಿ, ನಿಮ್ಮ ಸೀಮೆಯಲ್ಲಿ ಪ್ರಜಾಪ್ರಭುತ್ವ ಭಾರೀ ಆರೋಗ್ಯವಾಗಿದೆ ಬಿಡಪ್ಪ, ಎಲ್ಲರಿಗೂ ಒಂದೊಂದು ಪಾಲು ಕೊಟ್ಟಿದ್ದೀರಿ ಅಂದ. ನಾನು ಹೂಂ ಅಂದೆ. ದೂರದಿಂದ ನೋಡಿದರೆ ನಮ್ಮದು ಅಕ್ಕಡಿ ಸಾಲು ಹಾಕಿದ ಹೊಲದ ಹಾಗೆಯೇ ಕಾಣುತ್ತದೆ. ಒಳಗೆ ಇಳಿದು ಬಂದರೆ ಗೊತ್ತಾಗುತ್ತದೆ: ಒಂದೊಂದು ಊರು, ಒಂದೊಂದು ಓಣಿ, ಪೂರ್ತಿ ಒಂದೇ ಬೆಳೆ. ಈಗ ಎಲ್ಲಿ ನೋಡಿದರೂ ಮೆಕ್ಕೆಜೋಳವೇ ಇದೆಯಲ್ಲ, ಹಂಗೆ.

ನಮ್ಮೂರು ಕೊಟ್ಟೂರಿನ ಆಸುಪಾಸಿನದು. ಹೆಸರು ಬೇಡ. ಹೇಳಿದರೆ ಹನ್ನೊಂದು ಜನರ ವಿಳಾಸ ಕೊಟ್ಟ ಹಾಗಾಗುತ್ತದೆ. ನನ್ನ ಪಕ್ಷ ಯಾವುದು ಅಂತಲೂ ಹೇಳುವುದಿಲ್ಲ, ಹೇಳಿದರೆ ಓದುವವರಲ್ಲಿ ಅರ್ಧ ಜನ ಇಲ್ಲಿಗೇ ಪುಟ ತಿರುವುತ್ತಾರೆ, ಉಳಿದರ್ಧ ಜನ ಓದದೆಯೇ ಭೇಷ್ ಅನ್ನುತ್ತಾರೆ. ಎರಡೂ ಬೇಡ. ನಮ್ಮ ಬೂತಿನಲ್ಲಿ ಆ ಸಲ ಏಳುನೂರಕ್ಕೂ ಮೇಲೆ ಓಟು ಬಿದ್ದಿದ್ದವು, ನನ್ನ ಪಕ್ಷಕ್ಕೆ ಬಂದದ್ದು ಹನ್ನೊಂದು. ನಾನು ಆ ಬೂತಿನ ಏಜೆಂಟ್. ಸಂಬಳವಿಲ್ಲ, ಮರ್ಯಾದೆಯೂ ಅಷ್ಟಕ್ಕಷ್ಟೆ, ಆದರೂ ಇಪ್ಪತ್ತು ವರ್ಷದಿಂದ ಮಾಡುತ್ತಿದ್ದೇನೆ.

ಏಜೆಂಟ್ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಹೊತ್ತು ಬೆಳಗಿನ ಜಾವದ ಅಣಕು ಮತದಾನ. ನಿಜವಾದ ಮತದಾನಕ್ಕೆ ಒಂದೂವರೆ ಗಂಟೆ ಮೊದಲು, ಏಜೆಂಟರ ಎದುರಿಗೆ, ಕಮ್ಮಿ ಅಂದರೂ ಐವತ್ತು ಓಟು ಹಾಕಿ ಮಷಿನ್ ಸರಿಯಿದೆಯೋ ಇಲ್ಲವೋ ನೋಡುತ್ತಾರೆ. ಎಲ್ಲ ಗುಂಡಿಗಳನ್ನೂ ಒತ್ತಲೇಬೇಕು. ನಮ್ಮೂರಿನಲ್ಲಿ ನನ್ನ ಪಕ್ಷ ಸಮಬಲ ಸಾಧಿಸುವುದು ಆ ಅರ್ಧ ಗಂಟೆ ಮಾತ್ರ. ಆಮೇಲೆ ಅದನ್ನೂ ಅಳಿಸಿ, ಸೊನ್ನೆ ಮಾಡಿ, ಸೀಲು ಹಾಕುತ್ತಾರೆ. ಮಧ್ಯಾಹ್ನದ ಊಟ ನನಗೆ ಎದುರಿನವರ ಕಡೆಯಿಂದಲೇ ಬರುತ್ತದೆ. ಚಿತ್ರಾನ್ನದ ಪೊಟ್ಟಣ ಕೈಗಿಡುತ್ತಾ, "ತಿನ್ರಿ, ಇದರಾಗ ಪಕ್ಷ ಇಲ್ಲ" ಅನ್ನುತ್ತಾರೆ. ತಿಂದಿದ್ದೇನೆ. ಅವರು ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಪಕ್ಷದ ಸಲುವಾಗಿ ಹೊಡೆದಾಟ ಆಗುವುದು ಕಮ್ಮಿ. ಹೊಡೆದಾಡಲಿಕ್ಕೆ ಎರಡು ಕಡೆ ಜನ ಇರಬೇಕಲ್ಲ.

ತೊಂದರೆ ಶುರುವಾಗುವುದು ಎಣಿಕೆ ಆದ ಮೇಲೆ. ಕ್ಷೇತ್ರದಲ್ಲಿ ಯಾರು ಗೆದ್ದರು ಅನ್ನುವುದು ಟಿವಿಯಲ್ಲಿ ಬರುತ್ತದೆ, ನಮ್ಮೂರವರಿಗೆ ಅದು ಅರ್ಧ ಸುದ್ದಿ. ಪೂರ್ತಿ ಸುದ್ದಿ ಬರುವುದು ಎಣಿಕೆ ಕೇಂದ್ರದಿಂದ ಕರಪತ್ರದ ಬೆನ್ನಿಗೆ ಬರೆದುಕೊಂಡು ತರುವ ಬೂತ್‌ವಾರು ಲೆಕ್ಕದಲ್ಲಿ. ಆ ಸಲ ಹೋಟೆಲಿನ ಕಟ್ಟೆಯ ಮೇಲೆ, ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು, ನಮ್ಮ ಹನ್ನೊಂದನ್ನು ಬೆರಳಲ್ಲಿ ಎಣಿಸಲು ಕೂತರು. ಅಭ್ಯರ್ಥಿಗಳ ಓಟಿನ ಬಗ್ಗೆ ಯಾರಿಗೂ ಆಸಕ್ತಿ ಇರಲಿಲ್ಲ. ನಮ್ಮ ಮನೆಯವು ನಾಲ್ಕು, ನಿವೃತ್ತ ಮೇಷ್ಟ್ರ ಮನೆಯವು ಎರಡು, ಹುಬ್ಬಳ್ಳಿಯಿಂದ ಓಟಿಗೆಂದೇ ಬಂದುಹೋದ ಹುಡುಗ ಒಬ್ಬ, ಹಿಂಗೆ ಎಣಿಸುತ್ತಾ ಹೋದರೆ ಹದಿನಾಲ್ಕು ಜನ ಸಿಕ್ಕಿಬಿಟ್ಟರು! ಹನ್ನೊಂದು ಓಟಿಗೆ ಹದಿನಾಲ್ಕು ಹೆಸರು. ಮೂರು ಹೆಸರು ಹೆಚ್ಚು. ಅದನ್ನು ಕಡಿಮೆ ಮಾಡುವ ಗೋಜಿಗೆ ಯಾರೂ ಹೋಗಲಿಲ್ಲ. ಹದಿನಾಲ್ಕು ಜನರನ್ನೂ ಹನ್ನೊಂದರಲ್ಲೇ ಸೇರಿಸಿದರು.

ಗುಪ್ತ ಮತದಾನ ಅನ್ನುತ್ತೇವೆ. ಏಳುನೂರರಲ್ಲಿ ಆರುನೂರೈವತ್ತು ಜನ ಒಂದೇ ಕಡೆ ಒತ್ತಿದರೆ ಆ ಆರುನೂರೈವತ್ತು ಜನರ ಓಟು ಗುಪ್ತವೇ, ಯಾಕೆಂದರೆ ಅದನ್ನು ತಿಳಿಯುವ ಅಗತ್ಯ ಯಾರಿಗೂ ಇಲ್ಲ. ಹನ್ನೊಂದು ಜನರ ಓಟಿಗೆ ಮಾತ್ರ ಆ ಪರದೆ ಇಲ್ಲ. ಬ್ಯಾಲೆಟ್ ಪೇಪರ್ ಕಾಲದಲ್ಲಿ ಇದಕ್ಕೊಂದು ಉಪಾಯವಿತ್ತು. ಮತದಾರರಿಗೆ ಬೆದರಿಕೆ, ಕಿರುಕುಳ ಆಗಬಹುದು ಅನ್ನಿಸಿದ ಕಡೆ, ಬೇರೆ ಬೇರೆ ಬೂತಿನ ಚೀಟಿಗಳನ್ನು ಮೊದಲು ಕಲಸಿ ಆಮೇಲೆ ಎಣಿಸಲು ಚುನಾವಣಾ ನಿಯಮಗಳಲ್ಲೇ ಅವಕಾಶ ಕೊಟ್ಟಿದ್ದರು, 59ಎ ಅಂತ. 2004ರ ಲೋಕಸಭೆ ಚುನಾವಣೆ ಹೊತ್ತಿಗೆ ದೇಶದ ತುಂಬಾ ಮಷಿನ್ ಬಂತು. ಮಷಿನ್ ಬಂದ ಮೇಲೆ ಕಲಸುವುದು ಎಲ್ಲಿಂದ ಬಂತು? ಒಂದೊಂದು ಮಷಿನ್ನೂ ತನ್ನ ಬೂತಿನ ಲೆಕ್ಕವನ್ನು ತಾನೇ ಒಪ್ಪಿಸುತ್ತದೆ. ಚುನಾವಣಾ ಆಯೋಗ ಅದನ್ನು ನಮೂನೆ 20ರಲ್ಲಿ ತುಂಬಿ ಅಂತರ್ಜಾಲದಲ್ಲಿ ಇಡುತ್ತದೆ, ಯಾರು ಬೇಕಾದರೂ ನೋಡಬಹುದು. ಇದನ್ನು ಸರಿಮಾಡಲೆಂದೇ ಟೋಟಲೈಜರ್ ಎಂಬ ಯಂತ್ರದ ಪ್ರಸ್ತಾಪ ಮಾಡಿದ್ದು ಅದೇ ಆಯೋಗ, 2008ರಲ್ಲಿ. ಹದಿನಾಲ್ಕು ಬೂತಿನ ಮಷಿನ್‌ಗಳನ್ನು ಒಟ್ಟಿಗೆ ಜೋಡಿಸಿದರೆ ಅದು ಒಟ್ಟು ಮೊತ್ತವನ್ನಷ್ಟೇ ಹೇಳುತ್ತದೆ. 2015ರಲ್ಲಿ ಕಾನೂನು ಆಯೋಗ ತನ್ನ 255ನೇ ವರದಿಯಲ್ಲಿ ಇದು ಬೇಕು ಅಂದಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಯಾವ ಬೂತಿನಲ್ಲಿ ಎಷ್ಟು ಬಿತ್ತು ಅಂತ ಗೊತ್ತಾದರೆ ಹಿಂದೆ ಬಿದ್ದ ಕಡೆ ಪಕ್ಷಗಳು ಹೆಚ್ಚು ಕೆಲಸ ಮಾಡಬಹುದು ಎಂಬುದು ಅಲ್ಲಿಯ ವಾದ. ಹಿಂದೆ ಬಿದ್ದ ಕಡೆ ಎಂಥ ಕೆಲಸ ಆಗುತ್ತದೆ ಅಂತ ನಾನು ಹೇಳುತ್ತೇನೆ.

ನಮ್ಮ ಓಣಿಯಲ್ಲಿ ಒಬ್ಬ ವಿಧವೆ ಹೆಣ್ಣುಮಗಳಿದ್ದಾಳೆ. ಹಬ್ಬ ಹುಣ್ಣಿಮೆಗೆ, ಮದುವೆ ಮುಂಜಿಗೆ ನಮ್ಮ ಮನೆಗೆ ರೊಟ್ಟಿ ಬಡಿಯಲು ಬರುವವಳು. ಆ ಒಂದೇ ಕಾರಣಕ್ಕೆ ಹದಿನಾಲ್ಕರಲ್ಲಿ ಅವಳ ಹೆಸರೂ ಸೇರಿತ್ತು. ಮುಂದೆ ಮನೆ ಮಂಜೂರಾಗುವವರ ಪಟ್ಟಿ ತಯಾರಾದಾಗ ಅವಳ ಹೆಸರು ಅದರಲ್ಲಿರಲಿಲ್ಲ. ಮೊದಲ ಪಟ್ಟಿಯಲ್ಲಿ ಇತ್ತು, ಎರಡನೆಯದರಲ್ಲಿ ಇಲ್ಲ. ಒಂದು ಸಂಜೆ ಬಂದಳು, ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು ಹೇಳಿದಳು: "ಯಣ್ಣಾ, ನಾ ನಿಮಗ ಓಟು ಹಾಕಿಲ್ಲ. ದೇವರಾಣೆ. ಅದನ್ನ ನೀವಾದ್ರೂ ಅವರಿಗೆ ಹೇಳ್ರಿ."

ಇದಕ್ಕೆ ಏನು ಮಾಡಬೇಕು? ನನಗೆ ಓಟು ಹಾಕಿಲ್ಲ ಅಂತ ನಾನೇ ಹೋಗಿ ಸಾಕ್ಷಿ ಹೇಳಬೇಕು. ಹೇಳಿದೆ. ಪಟ್ಟಿ ಮಾಡುವವರ ಮನೆಗೆ ಹೋಗಿ, ಆಕೆ ನಮ್ಮವಳಲ್ಲ, ಯಾವತ್ತೂ ಆಗಿರಲಿಲ್ಲ, ಅಂದೆ. ವಿಚಿತ್ರ ಅಂದರೆ ನನ್ನ ಮಾತನ್ನು ಅವರು ತಕ್ಷಣ ನಂಬಿದರು! ಊರಿನ ನೀರು, ರಸ್ತೆ, ಚರಂಡಿ, ಯಾವುದರ ಬಗ್ಗೆಯೂ ನನ್ನ ಮಾತಿಗೆ ಅಲ್ಲಿ ಕವಡೆ ಕಿಮ್ಮತ್ತಿಲ್ಲ, ಆದರೆ ನಮ್ಮ ಪಕ್ಷಕ್ಕೆ ಯಾರು ಓಟು ಹಾಕಿಲ್ಲ ಅನ್ನುವುದರಲ್ಲಿ ನಾನು ಹೇಳಿದ್ದೇ ವೇದವಾಕ್ಯ. ಚಹಾ ಕುಡಿಸಿದರು. ಕುಡಿಯುತ್ತಿರುವಾಗ ಒಬ್ಬ ಮೆಲ್ಲಗೆ, "ಹಂಗಾದ್ರ ಹನ್ನೊಂದ್ನೇದು ಯಾರದ್ರೀ?" ಅಂದ. "ನಂದೇ. ಎರಡು ಸಲ ಒತ್ತೀನಿ" ಅಂದೆ. ಎಲ್ಲರೂ ನಕ್ಕರು. ಆಕೆಯ ಹೆಸರು ಮುಂದಿನ ಪಟ್ಟಿಗೆ ಬಂತು. ಅದಾದ ಮೇಲೆ ಅವಳು ನಮ್ಮ ಮನೆಗೆ ರೊಟ್ಟಿ ಬಡಿಯಲು ಬಂದಿಲ್ಲ. ಬರಬೇಡ ಅಂತ ಹೇಳಿದವಳು ನನ್ನ ಹೆಂಡತಿಯೇ, "ಪಾಪ, ಅಕಿ ಮನಿ ಪೂರ್ತಿ ಆಗ್ಲಿ ಮೊದ್ಲು" ಅಂತ.

ಬಹುಮತದವರಿಗೆ ಒಂದು ಸಿದ್ಧಾಂತ ಅಂತ ಇದ್ದು, ಅದಕ್ಕೆ ನಾನು ಅಡ್ಡಿಯಾಗಿದ್ದರೆ ಈ ಸಿಟ್ಟು ಅರ್ಥವಾಗುತ್ತಿತ್ತು. ನಮ್ಮ ಕ್ಷೇತ್ರದ್ದೇ ತಗೊಳ್ಳಿ. 2008ರಲ್ಲಿ ಬೊಮ್ಮನಹಳ್ಳಿಯಿಂದ ನೇಮರಾಜ ನಾಯ್ಕರು ಬಿಜೆಪಿಯಿಂದ ಗೆದ್ದರು. 2013ರಲ್ಲಿ ಭೀಮಾ ನಾಯ್ಕರು ಜೆಡಿಎಸ್‌ನಿಂದ ಗೆದ್ದರು, 2018ರಲ್ಲಿ ಅವರೇ ಕಾಂಗ್ರೆಸ್‌ನಿಂದ. 2023ರಲ್ಲಿ ನೇಮರಾಜ ನಾಯ್ಕರು ಗೆದ್ದದ್ದು ಅದೇ ಜೆಡಿಎಸ್‌ನಿಂದ. ತೆನೆ ಹೊತ್ತ ಮಹಿಳೆ ಹತ್ತು ವರ್ಷದಲ್ಲಿ ಒಬ್ಬರ ಮನೆಯಿಂದ ಅವರ ಎದುರಾಳಿಯ ಮನೆಗೆ ನಡೆದುಕೊಂಡು ಹೋದಳು. ಊರು ನಾಯಕರ ಹಿಂದೆ ಹೋಗುತ್ತದೆ, ಬಾವುಟ ದಾರಿಯಲ್ಲಿ ಬದಲಾಗುತ್ತದೆ. ಒಂದು ಚುನಾವಣೆಯಲ್ಲಂತೂ ಊರಿನ ಬಹುಮತ ಇಡಿಯಾಗಿ ನನ್ನ ಪಕ್ಷಕ್ಕೇ ಬಂದುಬಿಟ್ಟಿತ್ತು. ಆ ಐದು ವರ್ಷ ನಾನು ಸ್ವಂತ ಪಕ್ಷದಲ್ಲೇ ಅಲ್ಪಸಂಖ್ಯಾತ. ನನ್ನನ್ನು ಏಜೆಂಟ್ ಕೂಡ ಮಾಡಲಿಲ್ಲ. ಅವರು ಎದ್ದು ಹೋದ ಮೇಲೆ ಕುರ್ಚಿ ಮತ್ತೆ ನನ್ನದಾಯಿತು.

ಹಳೇ ಬಳ್ಳಾರಿ ಜಿಲ್ಲೆಯ ಸ್ವಭಾವವೇ ಇದು ಅನ್ನಿಸುತ್ತದೆ. 1952ರಿಂದ 2004ರವರೆಗೆ ಬಳ್ಳಾರಿ ಲೋಕಸಭಾ ಕ್ಷೇತ್ರ ಕಾಂಗ್ರೆಸ್ ಬಿಟ್ಟು ಬೇರೆ ಯಾರನ್ನೂ ಗೆಲ್ಲಿಸಲಿಲ್ಲ. ಇಂದಿರಾ ಗಾಂಧಿಯವರೇ ರಾಯಬರೇಲಿಯಲ್ಲಿ ಸೋತ 1977ರಲ್ಲೂ ಇಲ್ಲಿ ಕಾಂಗ್ರೆಸ್. 1999ರಲ್ಲಿ ಸುಷ್ಮಾ ಸ್ವರಾಜ್ ಬಂದು ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಭಾಷಣ ಮಾಡಿ ಊರೂರು ಸುತ್ತಿದರೂ ಸೋನಿಯಾ ಗಾಂಧಿ 56 ಸಾವಿರ ಚಿಲ್ಲರೆ ಓಟಿನಿಂದ ಗೆದ್ದರು. ಆಗ ಸುಷ್ಮಾ ಕಡೆ ನಿಂತವರನ್ನು ನಮ್ಮೂರಿನಲ್ಲಿ ಹೆಂಗೆ ನೋಡುತ್ತಿದ್ದರೋ, 2004ರಲ್ಲಿ ಕರುಣಾಕರ ರೆಡ್ಡಿಯವರು ಬಿಜೆಪಿಯಿಂದ ಗೆದ್ದ ಮೇಲೆ ಹಳೇ ಕಾಂಗ್ರೆಸ್ಸಿಗರನ್ನು ಹಂಗೇ ನೋಡತೊಡಗಿದರು. ನೋಡುವವರು ಬಹುತೇಕ ಅವರೇ. ಗಣಿ ದುಡ್ಡಿನ ಆ ವರ್ಷಗಳಲ್ಲಿ ಎದುರು ಮಾತಾಡುವವನು ಮೂರ್ಖ ಅನ್ನಿಸಿಕೊಂಡ, ಅದಕ್ಕೂ ಮೊದಲು ದ್ರೋಹಿ ಅನ್ನಿಸಿಕೊಂಡಿದ್ದ. ಮೂರ್ಖನೇ ವಾಸಿ.

ಇಂಥ ಜಿಲ್ಲೆಯಲ್ಲಿ ಎದುರು ಕಡೆ ನಿಂತು, ಆದರೂ ಎಲ್ಲರ ಮನೆಯ ಜಗಲಿಯಲ್ಲೂ ಕೂರಬಲ್ಲವರಾಗಿದ್ದವರು ಹಡಗಲಿಯ ಎಂ.ಪಿ. ಪ್ರಕಾಶ್. ಸಮಾಜವಾದಿ, ಜನತಾ ಪಕ್ಷದವರು, 1983ರಲ್ಲಿ ಗೆದ್ದರು, ಆಮೇಲೆ ಗೆದ್ದದ್ದೂ ಉಂಟು ಸೋತದ್ದೂ ಉಂಟು, ಉಪಮುಖ್ಯಮಂತ್ರಿಯೂ ಆದರು. ರಂಗಭಾರತಿ ಕಟ್ಟಿದರು, ಹಡಗಲಿಗೆ ನಾಟಕದ ರುಚಿ ಹತ್ತಿಸಿದರು. ನಾಟಕ ನೋಡಲು ಬರುವವರನ್ನು ಯಾವ ಪಕ್ಷ ಅಂತ ಯಾರೂ ಕೇಳುತ್ತಿರಲಿಲ್ಲ, ಅಷ್ಟು ಜಾಗವನ್ನಾದರೂ ಅವರು ಉಳಿಸಿದ್ದರು. 2008ರಲ್ಲಿ ಹಡಗಲಿ ಮೀಸಲು ಕ್ಷೇತ್ರವಾಗಿ, ಅವರು ಹರಪನಹಳ್ಳಿಗೆ ಹೋಗಿ, ಜೀವಮಾನವೆಲ್ಲಾ ಎದುರಿಸಿದ ಕಾಂಗ್ರೆಸ್‌ನಿಂದಲೇ ನಿಂತು ಕರುಣಾಕರ ರೆಡ್ಡಿಯವರ ಎದುರು ಸೋತರು. 2011ರಲ್ಲಿ ತೀರಿಕೊಂಡರು. ಮೊದಲಿಗೆ ಹೇಳಿದೆನಲ್ಲ, 2023ರಲ್ಲಿ ಹರಪನಹಳ್ಳಿಯಲ್ಲಿ ಪಕ್ಷೇತರರಾಗಿ ಗೆದ್ದವರು, ಅವರು ಪ್ರಕಾಶರ ಮಗಳು ಲತಾ ಮಲ್ಲಿಕಾರ್ಜುನ.

ನಾಟಕ ಬಿಟ್ಟರೆ ಅಂಥ ಇನ್ನೊಂದು ಜಾಗ ಮೈಲಾರ. ಭರತ ಹುಣ್ಣಿಮೆ ಹೊತ್ತಿಗೆ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿಯುವಾಗ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಒಂದೇ ಒಂದು ಮಾತು. ಮಾತು ಮುಗಿದ ಕೂಡಲೇ ಗೆದ್ದವರು ಅದು ನಮಗೇ ಹೇಳಿದ್ದು ಅಂತಾರೆ, ಸೋತವರೂ ಅಂತಾರೆ. ನಾನೂ ಪ್ರತಿ ವರ್ಷ ನಮಗೆ ಹೊಂದಿಸಿಕೊಂಡೇ ಮನೆಗೆ ಬರುತ್ತೇನೆ. ಇವನು ಹನ್ನೊಂದರವನು, ಇವನಿಗೆ ಅರ್ಥ ಹೇಳುವ ಹಕ್ಕಿಲ್ಲ ಅಂತ ಅಲ್ಲಿ ಯಾರೂ ಅನ್ನುವುದಿಲ್ಲ.

ನೀನ್ಯಾಕೆ ಸುಮ್ಮನೆ ಅವರ ಜೊತೆ ಹೋಗಬಾರದು ಅಂತ ನನ್ನ ಅಳಿಯ ಕೇಳುತ್ತಾನೆ. ಹೋಗಬಹುದು. ಮನೆ ಮುಂದಿನ ಚರಂಡಿ ಮುಚ್ಚಬಹುದು, ಬೀದಿ ದೀಪ ಬೇಗ ಬರಬಹುದು. ಆದರೆ ಮತದಾನ ಮುಗಿದ ಮೇಲೆ ಅಧಿಕಾರಿಗಳು ಏಜೆಂಟರಿಗೆ ನಮೂನೆ 17ಸಿ ಅಂತ ಒಂದು ಕಾಗದ ಕೊಡುತ್ತಾರೆ, ಮಷಿನ್‌ನಲ್ಲಿ ಒಟ್ಟು ಎಷ್ಟು ಓಟು ದಾಖಲಾದವು ಅನ್ನುವ ಲೆಕ್ಕ. ಬೂತಿನಲ್ಲಿ ಒಂದೇ ಕಡೆಯ ಏಜೆಂಟ್ ಕೂತರೆ ಆ ಕಾಗದ ಒಂದೇ ಜೇಬಿಗೆ ಹೋಗುತ್ತದೆ. ನನಗೆ ಅದು ಸರಿ ಕಾಣುವುದಿಲ್ಲ. ನಾನು ಕೂರುವುದು ಅಷ್ಟಕ್ಕೆ.

2024ರ ಮೇ 7ರಂದು ಲೋಕಸಭೆಗೂ ಕೂತೆ. ಜೂನ್ 4ಕ್ಕೆ ಎಣಿಕೆಯಾಗಿ ಬೂತಿನ ಲೆಕ್ಕ ಊರಿಗೆ ಬಂತು: ಈ ಸಲ ಹದಿನೇಳು. ಆರು ಓಟು ಹೆಚ್ಚು. ಯಾರವು ಅಂತ ಹೋಟೆಲಿನಲ್ಲಿ ನನ್ನನ್ನೇ ಕೇಳಿದರು, ಗೊತ್ತಿಲ್ಲ ಅಂದೆ, ನಿಜವಾಗಿಯೂ ಗೊತ್ತಿರಲಿಲ್ಲ, ನಂಬಲಿಲ್ಲ. ಆ ವಾರದೊಳಗೆ ಮೂರು ಜನ ಒಬ್ಬೊಬ್ಬರಾಗಿ ಕತ್ತಲಾದ ಮೇಲೆ ಮನೆಗೆ ಬಂದು, ಹಾಕಿದ್ದು ನಾವಲ್ಲ ಅಂತ ಹೇಳಿ ಹೋದರು. ಅವರನ್ನು ಯಾರೂ ಏನೂ ಕೇಳಿರಲಿಲ್ಲ.