ಅಮ್ಮ ಮೆಚ್ಚಿದ ಫೋ ಅಂಗಡಿ

ಅಮೆರಿಕಕ್ಕೆ ಅಪ್ಪ-ಅಮ್ಮನನ್ನು ಕರೆಸಿಕೊಂಡವರಿಗೆಲ್ಲ ಒಂದು ವಿಷಯ ಗೊತ್ತಿರುತ್ತೆ. ಮೊದಲ ಎರಡು ವಾರ ಗೋಲ್ಡನ್ ಗೇಟ್ ಸೇತುವೆ, ಲಿವರ್‌ಮೋರ್ ದೇವಸ್ಥಾನ, ಕಾಸ್ಟ್ಕೊ ಅಂತ ಕಳೆದುಹೋಗುತ್ತೆ. ಮೂರನೇ ವಾರದಿಂದ ಅವರು ಕಿಟಕಿ ಪಕ್ಕ ಕೂರೋಕೆ ಶುರುಮಾಡುತ್ತಾರೆ.

ನಮ್ಮಮ್ಮ ತೀರ್ಥಹಳ್ಳಿಯಿಂದ ಸ್ಯಾನ್ ಹೊಸೆಗೆ ಬಂದದ್ದು ನವೆಂಬರ್‌ನಲ್ಲಿ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಊರಿನ ಮನೆಯಲ್ಲಿ ಅವಳೊಬ್ಬಳೇ. ಆರು ತಿಂಗಳು ನನ್ನ ಜೊತೆ ಇರಲಿ, ಆಮೇಲೆ ನೋಡೋಣ ಅನ್ನೋದು ನನ್ನ ಲೆಕ್ಕ. ಆ ‘ಆಮೇಲೆ’ ಬಗ್ಗೆ ಇಬ್ಬರೂ ಮಾತಾಡಿರಲಿಲ್ಲ.

ಇಲ್ಲಿ ಮಳೆಗಾಲ ಅಂದರೆ ಚಳಿಗಾಲ. ಜನವರಿಯ ಮಳೆಯಲ್ಲಿ ಅಮ್ಮನಿಗೆ ಶೀತ, ಜ್ವರ. ಜ್ವರ ಬಿಟ್ಟಮೇಲೂ ಊಟ ಸೇರಲಿಲ್ಲ. ಸಾರು ಮಾಡಿದರೆ “ಇಲ್ಲಿಯ ಟೊಮ್ಯಾಟೊಗೆ ಹುಳಿಯೇ ಇಲ್ಲ ಮಾರಾಯ್ತಿ” ಅಂತ ತಟ್ಟೆ ಸರಿಸುತ್ತಿದ್ದಳು. ನನ್ನ ಟೀಮಿನಲ್ಲಿರುವ ವಿಯೆಟ್ನಾಂ ಮೂಲದ ಸಹೋದ್ಯೋಗಿಗೆ ಇದನ್ನು ಹೇಳಿದಾಗ ಅವನು ಯೋಚನೆಯನ್ನೂ ಮಾಡದೆ ಅಂದ: “ಫೋ ಕುಡಿಸು. ಆದರೆ ಚಯ್ ಅಂಗಡಿಗೇ ಹೋಗು.”

ಫೋ ಅಂದರೆ ಅಕ್ಕಿಯ ಅಗಲ ಎಳೆಗಳನ್ನು ಬಿಸಿ ಸಾರಿನಲ್ಲಿ ಹಾಕಿಕೊಡುವ ವಿಯೆಟ್ನಾಂ ತಿನಿಸು. ನಾವು ಬರೆಯೋದು ಫೋ ಅಂತ, ಅವರ ಬಾಯಲ್ಲಿ ಅದು ‘ಫ?’ ಅಂತ ಏನೋ ಪ್ರಶ್ನೆ ಕೇಳಿದ ಹಾಗೆ ಕೇಳಿಸುತ್ತೆ. ಮೂಲದಲ್ಲಿ ಇದು ದನದ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿ ಮಾಡುವ ಸಾರು. ‘ಚಯ್’ ಅಂದರೆ ಸಸ್ಯಾಹಾರ. ವಿಯೆಟ್ನಾಂನ ಬೌದ್ಧರಲ್ಲಿ ಎಷ್ಟೋ ಜನ ತಮ್ಮ ಚಾಂದ್ರಮಾನ ತಿಂಗಳ 1ನೇ ಮತ್ತು 15ನೇ ದಿನ, ಅಂದರೆ ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಗೆ, ಮಾಂಸ ಮುಟ್ಟುವುದಿಲ್ಲ. ಅವರಿಗಾಗಿಯೇ ಪೂರ್ತಿ ಸಸ್ಯಾಹಾರಿ ಹೋಟೆಲುಗಳಿವೆ. ನೀವೂ ಸಸ್ಯಾಹಾರಿಗಳಾದರೆ ಇದನ್ನು ನೆನಪಿಟ್ಟುಕೊಳ್ಳಿ. ಮಾಮೂಲಿ ಫೋ ಅಂಗಡಿಯಲ್ಲಿ ಮೇಲೆ ಬರೀ ತರಕಾರಿ ಇದ್ದರೂ ಕೆಳಗಿನ ಸಾರು ಮಾಂಸದ್ದಿರಬಹುದು, ಅದರಲ್ಲಿ ಮೀನಿನ ಸಾಸ್ ಕೂಡ ಇರಬಹುದು. ಕೇಳಿಯೇ ತಿನ್ನಬೇಕು.

ವಿಯೆಟ್ನಾಂ ಬಿಟ್ಟರೆ ಜಗತ್ತಿನ ಬೇರಾವ ಊರಿನಲ್ಲೂ ಇಲ್ಲದಷ್ಟು ವಿಯೆಟ್ನಾಮಿಗಳು ಇರುವುದು ಸ್ಯಾನ್ ಹೊಸೆಯಲ್ಲಿ, ಒಂದು ಲಕ್ಷಕ್ಕೂ ಮೇಲೆ. ಸ್ಟೋರಿ ರೋಡ್‌ನಲ್ಲಿ ಹೋಗುತ್ತಿದ್ದರೆ ಬೋರ್ಡುಗಳೆಲ್ಲ ಅವರ ಭಾಷೆಯವೇ. ಶನಿವಾರ ಮಧ್ಯಾಹ್ನ ಅಲ್ಲೇ ಹತ್ತಿರದ ಒಂದು ಚಿಕ್ಕ ಚಯ್ ಹೋಟೆಲಿಗೆ ಅಮ್ಮನನ್ನು ಕರೆದುಕೊಂಡು ಹೋದೆ. ನಾನು ‘ಫೋ ಚಯ್’ ಅಂತ ಆರ್ಡರ್ ಮಾಡಿದ ತಕ್ಷಣ ಅಮ್ಮ ನನ್ನ ಕೈ ಜಗ್ಗಿದಳು. “ಚಾ ಬೇಡ ಕಣೇ, ಕಾಫಿ ಇದ್ರೆ ಹೇಳು.”

ಮೊದಲು ಬಂದದ್ದು ಒಂದು ತಟ್ಟೆ ಸೊಪ್ಪು. ಮೊಳಕೆ ಹೆಸರುಕಾಳು, ನಿಂಬೆಹಣ್ಣಿನ ಹೋಳು, ಹಸಿಮೆಣಸು. ಅಮ್ಮ ಒಂದು ದಂಟು ಎತ್ತಿ ಮೂಸಿದಳು. “ಇದು ಕಾಮಕಸ್ತೂರಿ ಅಲ್ದಾ?” ಹೌದು, ಅದರದೇ ಜಾತಿ, ಇಲ್ಲಿ ಥಾಯ್ ಬೇಸಿಲ್ ಅನ್ನುತ್ತಾರೆ. ಗರಗಸದಂಥ ಅಂಚಿನ ಉದ್ದ ಎಲೆಯೂ ಇತ್ತು, ವಾಸನೆ ಥೇಟ್ ಕೊತ್ತಂಬರಿಯದು. “ಇದು ನಮ್ಮ ಬಾವಿಕಟ್ಟೆ ಹತ್ರ ರಾಶಿ ಇದೆಯಲ್ಲೇ!” ಎರಡು ತಿಂಗಳಲ್ಲಿ ಅಮ್ಮನ ದನಿ ಅಷ್ಟು ಮೇಲೇರಿದ್ದು ಅದೇ ಮೊದಲು.

ಆಮೇಲೆ ಬೋಗುಣಿ ಬಂತು. ಒಂದು ಚಮಚ ಸಾರು ಕುಡಿದು ಅಮ್ಮ ಕಣ್ಣುಮುಚ್ಚಿ ಲೆಕ್ಕ ಹಾಕಿದಳು. “ಚಕ್ರಮೊಗ್ಗು, ಚಕ್ಕೆ, ಲವಂಗ, ಧನಿಯ. ಶುಂಠಿ, ಈರುಳ್ಳಿ ಸುಟ್ಟು ಹಾಕಿದಾರೆ. ಮೂಲಂಗಿಯೂ ಇದೆ.” ಒಂದೂ ತಪ್ಪಲಿಲ್ಲ. ಸುಟ್ಟ ಈರುಳ್ಳಿ, ಶುಂಠಿಯೇ ಈ ಸಾರಿನ ಬಣ್ಣ, ಪರಿಮಳದ ಗುಟ್ಟು. ಚಾಪ್‌ಸ್ಟಿಕ್ ಬದಿಗಿಟ್ಟು, ಫೋರ್ಕಿನಲ್ಲಿ ಎಳೆಗಳನ್ನು ಎತ್ತಿ “ಒತ್ತು ಶಾವಿಗೆಯನ್ನ ಯಾರೋ ಇಸ್ತ್ರಿ ಮಾಡಿದ ಹಾಗಿದೆ” ಅಂದಳು. ಬೋಗುಣಿ ಖಾಲಿಯಾಯಿತು. ಕೊನೆಗೆ ಸ್ಟೀಲ್ ಫಿಲ್ಟರಿನಿಂದ ತೊಟ್ಟುತೊಟ್ಟಾಗಿ ಇಳಿಯುವ ಕಾಫಿ, ತಳದಲ್ಲಿ ಮಂದ ಸಿಹಿಹಾಲು. ಅದನ್ನೂ ಬಿಡಲಿಲ್ಲ.

ಅಲ್ಲಿಂದ ಪ್ರತಿ ಶನಿವಾರ ನಮ್ಮದು ಅದೇ ಮೇಜು. ನಾನು ಫೋ ಬಗ್ಗೆ ಓದಿ ಹೇಳುತ್ತಿದ್ದೆ, ಅಮ್ಮ ಕೇಳುತ್ತಿದ್ದಳು. ಇದು ಹುಟ್ಟಿದ್ದು ಸುಮಾರು ನೂರು ವರ್ಷಗಳ ಹಿಂದೆ, ಫ್ರೆಂಚರ ಆಳ್ವಿಕೆಯಲ್ಲಿ, ಹನೋಯ್ ಕಡೆಯ ಉತ್ತರ ವಿಯೆಟ್ನಾಂನಲ್ಲಿ. 1954ರಲ್ಲಿ ದೇಶ ಎರಡು ಭಾಗವಾದಾಗ ಲಕ್ಷಾಂತರ ಜನ ಉತ್ತರದಿಂದ ದಕ್ಷಿಣಕ್ಕೆ ಬಂದರು, ಅವರ ಜೊತೆ ಫೋ ಕೂಡ ಬಂತು. ಮೇಜಿನ ಮೇಲಿನ ಆ ಸೊಪ್ಪಿನ ತಟ್ಟೆ, ಮೊಳಕೆಕಾಳು, ಸಿಹಿ ಸಾಸ್ ಎಲ್ಲ ದಕ್ಷಿಣದವರು ಸೇರಿಸಿದ್ದು. 1975ರ ಏಪ್ರಿಲ್ 30ರಂದು ಸೈಗಾನ್ ಬಿದ್ದಮೇಲೆ ಜನ ಮತ್ತೆ ಹೊರಟರು, ಈ ಸಲ ಸಮುದ್ರ ದಾಟಿ. ಇಲ್ಲಿಗೆ ಬಂದವರಲ್ಲಿ ಎಷ್ಟೋ ಮಂದಿ ಸಿಲಿಕಾನ್ ವ್ಯಾಲಿಯ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ಸರ್ಕ್ಯೂಟ್ ಬೋರ್ಡ್ ಜೋಡಿಸುವ ಕೆಲಸಕ್ಕೆ ಸೇರಿದರು. ನನ್ನಂಥವರು ಲ್ಯಾಪ್‌ಟಾಪ್ ಹಿಡಿದು ಇಳಿಯುವುದಕ್ಕೆ ಎಷ್ಟೋ ಮೊದಲೇ ಈ ವ್ಯಾಲಿಯಲ್ಲಿ ಅವರ ಬೆವರು ಬಿದ್ದಿತ್ತು.

ಹೋಟೆಲಿನ ಮೂಲೆಯ ಮೇಜಿನಲ್ಲಿ ಒಬ್ಬ ಅಜ್ಜಿ ಯಾವಾಗಲೂ ಕೂತಿರುತ್ತಿದ್ದರು. ಎಂಬತ್ತೆಂಟು ವರ್ಷ. ಸೊಪ್ಪು ಬಿಡಿಸುವುದು ಅವರ ಕೆಲಸ. ಕೌಂಟರಿನಲ್ಲಿ ಮಗಳು, ಆರ್ಡರ್ ತೆಗೆದುಕೊಳ್ಳುವವಳು ಮೊಮ್ಮಗಳು, ಹೆಚ್ಚುಕಡಿಮೆ ನನ್ನ ವಯಸ್ಸು. ನಾಲ್ಕನೇ ಶನಿವಾರ ಅಮ್ಮ ಎದ್ದುಹೋಗಿ ಅಜ್ಜಿಯ ಎದುರು ಕೂತು ತಾನೂ ಸೊಪ್ಪು ಬಿಡಿಸತೊಡಗಿದಳು. ಇವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಅವರಿಗೂ ಅಷ್ಟೆ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದರು. ಏನು ಅರ್ಥವಾಗುತ್ತಿತ್ತೋ, ನಗು ಮಾತ್ರ ಒಂದೇ ಹೊತ್ತಿಗೆ ಬರುತ್ತಿತ್ತು.

ಒಂದು ದಿನ ಮೊಮ್ಮಗಳು ಕೇಳಿದಳು, “ಅಮ್ಮ ಎಷ್ಟು ದಿನ ಇರ್ತಾರೆ?” ಆರು ತಿಂಗಳು ಅಂದೆ. ಆಗ ತನ್ನ ಮನೆಯ ಕಥೆ ಹೇಳಿದಳು. ಅವಳಮ್ಮ 1979ರಲ್ಲಿ ದೋಣಿ ಹತ್ತಿ, ಮಲೇಷ್ಯಾದ ಶಿಬಿರದಲ್ಲಿದ್ದು, ಅಮೆರಿಕಕ್ಕೆ ಬಂದವರು. ಅಜ್ಜಿ ಅಲ್ಲೇ ಉಳಿದರು. ಕಾಗದಪತ್ರಗಳೆಲ್ಲ ಮುಗಿದು ಅಜ್ಜಿ ವಿಮಾನ ಇಳಿದದ್ದು 1993ರಲ್ಲಿ.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅಮ್ಮ ಬೆರಳು ಮಡಿಸಿ ಎಣಿಸಿದಳು. “ಹದಿನಾಲ್ಕು ವರ್ಷ. ವನವಾಸವೇ. ರಾಮನಿಗಾದ್ರೂ ಲೆಕ್ಕ ಗೊತ್ತಿತ್ತು. ಇವರಿಗೆ ಅದೂ ಗೊತ್ತಿರ್ಲಿಲ್ಲ.”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಲೆಕ್ಕವನ್ನೂ ಹಾಕಿ ನೋಡಿದೆ. ಎಚ್-1ಬಿ ವೀಸಾದಲ್ಲಿರುವವರು ತಂದೆ-ತಾಯಿಯನ್ನು ಇಲ್ಲಿ ಕಾಯಂ ಇಟ್ಟುಕೊಳ್ಳುವ ಹಾಗಿಲ್ಲ. ಗ್ರೀನ್ ಕಾರ್ಡ್ ಬಂದರೂ ಸಾಲದು, ಪೌರತ್ವವೇ ಬೇಕು. ಭಾರತದವರ ಗ್ರೀನ್ ಕಾರ್ಡ್ ಸಾಲಿನಲ್ಲಿ ಹತ್ತು ವರ್ಷ ದಾಟಿ ಕಾಯುವುದು ಮಾಮೂಲಿ. ಸಿಕ್ಕಮೇಲೆ ಪೌರತ್ವಕ್ಕೆ ಸಾಮಾನ್ಯವಾಗಿ ಇನ್ನೂ ಐದು ವರ್ಷ. ಅಮ್ಮನಿಗೆ ಈಗ 61. ಎಷ್ಟು ಉದಾರವಾಗಿ ಕೂಡಿದರೂ ಉತ್ತರ ಎಂಬತ್ತರ ಹತ್ತಿರವೇ ಬರುತ್ತಿತ್ತು. ಆದರೆ ಒಂದು ವ್ಯತ್ಯಾಸ ಇತ್ತು. ಆ ದೋಣಿ ಹತ್ತಿದವರಿಗೆ ವಾಪಸ್ ಹೋಗುವ ದಾರಿ ಇರಲಿಲ್ಲ. ನನಗೆ ಸ್ಯಾನ್‌ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಟಿಕೆಟ್ ಫೋನಿನಲ್ಲೇ ಸಿಗುತ್ತೆ.

ಅಮ್ಮ ಹೊರಡುವ ಮೊದಲಿನ ಶನಿವಾರ ಏಪ್ರಿಲ್ ಕೊನೆ. ಸ್ಟೋರಿ ರೋಡ್ ತುಂಬ ಹಳದಿ ಬಟ್ಟೆಯ ಮೇಲೆ ಮೂರು ಕೆಂಪು ಪಟ್ಟಿಯ ಬಾವುಟಗಳು, ಈಗ ಇಲ್ಲದ ದಕ್ಷಿಣ ವಿಯೆಟ್ನಾಂ ದೇಶದ್ದು. ಅಜ್ಜಿ ಅಮ್ಮನ ಕೈಗೆ ಚಕ್ರಮೊಗ್ಗಿನ ಒಂದು ಪೊಟ್ಟಣ ಕೊಟ್ಟರು. ಅಮ್ಮ ತಾನು ತಂದಿದ್ದ ಮಿಡಿ ಉಪ್ಪಿನಕಾಯಿಯ ಕೊನೇ ಬಾಟಲಿಯನ್ನು ಅವರಿಗೆ ಕೊಟ್ಟಳು. ಅದನ್ನು ಅವರು ಫೋ ಜೊತೆ ತಿಂದರೋ ಏನೋ.

ಕಾರಿನಲ್ಲಿ ನಾನೇ ಕೇಳಿದೆ, “ಅಮ್ಮಾ, ಮುಂದಿನ ವರ್ಷ ಮತ್ತೆ ಬರ್ತೀಯಾ?”

“ಆರಾರು ತಿಂಗಳು ಎಷ್ಟು ಸಲ ಬರ್ಲಿ ಹೇಳು? ಮನೆ ಬೀಗ ಹಾಕಿಟ್ರೆ ಗೆದ್ದಲು ತಿಂತದೆ.” ಸ್ವಲ್ಪ ಹೊತ್ತು ಬಿಟ್ಟು, “ನಿನ್ನ ಬಾ ಅಂತ ನಾನು ಹೇಳೋದಿಲ್ಲ. ಆದ್ರೆ ಎಷ್ಟು ವರ್ಷ ಅಂತ ಒಂದು ಲೆಕ್ಕ ಹೇಳು. ಲೆಕ್ಕ ಗೊತ್ತಿದ್ರೆ ಕಾಯೋದು ಕಷ್ಟ ಅಲ್ಲ.”

ಆಗ ಉತ್ತರ ಕೊಡಲಿಲ್ಲ. ಜೂನ್‌ವರೆಗೆ ಯೋಚಿಸಿದೆ. ಸಾಲ ಎಷ್ಟಿದೆ, ಉಳಿತಾಯ ಎಷ್ಟು, ಬೆಂಗಳೂರಿನಲ್ಲಿ ಸಂಬಳ ಎಷ್ಟು ಇಳಿಯುತ್ತೆ, ತೀರ್ಥಹಳ್ಳಿಯಲ್ಲಿ ಇಂಟರ್ನೆಟ್ ಹೇಗಿದೆ ಎಲ್ಲ ಒಂದು ಶೀಟಿನಲ್ಲಿ ಬರೆದೆ. ಬರೆದದ್ದನ್ನು ಒಂದು ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ಹೇಳಿದೆ, “ಎರಡು ವರ್ಷ. ಅದಕ್ಕಿಂತ ಹೆಚ್ಚಿಲ್ಲ.”

ಅಮ್ಮ ಒಲೆಯ ಮುಂದಿದ್ದಳು. ಕೆಂಡದ ಮೇಲೆ ಈರುಳ್ಳಿ, ಶುಂಠಿ ಸುಡುತ್ತಿತ್ತು. ಪಕ್ಕದ ತಟ್ಟೆಯಲ್ಲಿ ಒತ್ತು ಶಾವಿಗೆ, ಬಾವಿಕಟ್ಟೆಯ ಸೊಪ್ಪು. ಈರುಳ್ಳಿಯನ್ನು ಮಗುಚಿಹಾಕುತ್ತಾ, ನನ್ನ ಕಡೆ ನೋಡದೆಯೇ ಅಂದಳು: “ಸರಿ. ಬರೋವಾಗ ಚಕ್ರಮೊಗ್ಗು ಹೊತ್ಕೊಂಡು ಬರ್ಬೇಡ. ಅದು ಇಲ್ಲೇ ಸಿಗ್ತದೆ.”