ಗೆಣ್ಣು ಗೆಣ್ಣಿಗೂ ಒಂದು ಹೆಸರು

ಕನ್ಯಾಕುಮಾರಿಯ ಬಂಡೆಯ ಮೇಲೆ 2000ದ ಜನವರಿ 1ರಂದು ಅನಾವರಣಗೊಂಡ ತಿರುವಳ್ಳುವರ್ ಮೂರ್ತಿ, ಪೀಠವೂ ಸೇರಿ, 133 ಅಡಿ ಎತ್ತರವಿದೆ. ಪೀಠ 38 ಅಡಿ, ಅದರ ಮೇಲೆ ನಿಂತ ಕವಿ 95 ಅಡಿ. ತಿರುಕ್ಕುರಳ್ ಓದಿದವರಿಗೆ ಈ ಲೆಕ್ಕ ಕೂಡಲೇ ಹೊಳೆಯುತ್ತದೆ. ಆ ಗ್ರಂಥದಲ್ಲಿ ಮೂರು ಪಾಲುಗಳಿವೆ. ಧರ್ಮವನ್ನು ಹೇಳುವ ಪಾಲಿಗೆ 38 ಅಧಿಕಾರ, ಅರ್ಥದ ಪಾಲಿಗೆ 70, ಕಾಮದ ಪಾಲಿಗೆ 25. ಧರ್ಮದ 38ರ ಮೇಲೆ ಉಳಿದೆರಡರ 95 ನಿಂತಿದೆ. ಒಂದು ಪುಸ್ತಕದ ಪರಿವಿಡಿಯನ್ನು ಹೀಗೆ ಕಡಲ ನಡುವೆ ಕಲ್ಲಿನಲ್ಲಿ ಎತ್ತಿ ನಿಲ್ಲಿಸಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ನಾನಿರುವ ಚೆನ್ನೈಯಲ್ಲಿ ಇದೇ ಭಕ್ತಿ ಇನ್ನೊಂದು ರೂಪದಲ್ಲಿದೆ. ನುಂಗಂಬಾಕ್ಕಂನಲ್ಲಿ 1976ರಲ್ಲಿ ಕಟ್ಟಿದ ವಳ್ಳುವರ್ ಕೋಟ್ಟಂನ ಪ್ರಾಕಾರದ ಕಲ್ಲುಗಳಲ್ಲಿ 1330 ಕುರಳ್‌ಗಳನ್ನೂ ಕೆತ್ತಿದ್ದಾರೆ. ಒಂದೊಂದು ಅಧಿಕಾರಕ್ಕೆ ಹತ್ತು ಕುರಳ್. ಕನ್ನಡದ ಕಿವಿಗೆ ಅಧಿಕಾರ ಎಂದರೆ ಕುರ್ಚಿ, ದರ್ಪ, ಚುನಾವಣೆ. ಶಾಸ್ತ್ರದ ಮಾತಿನಲ್ಲಿ ಹಾಗಲ್ಲ. ಪಾಣಿನಿಯ ವ್ಯಾಕರಣದಲ್ಲಿ ಅಧಿಕಾರಸೂತ್ರವೊಂದು ಬಂದರೆ ಅದರ ಗಡಿ ಮುಗಿಯುವವರೆಗೂ ಮುಂದಿನ ಸೂತ್ರಗಳೆಲ್ಲ ಅದರ ಆಳ್ವಿಕೆಗೆ ಒಳಪಟ್ಟಿರುತ್ತವೆ. ಕುರಳಿನ ಅಧಿಕಾರವೂ ಹಾಗೆಯೇ. ಮಳೆಯ ಹೆಸರು ಹೊತ್ತ ಅಧಿಕಾರದಲ್ಲಿ ಹತ್ತು ಕುರಳ್‌ಗಳಷ್ಟು ದೂರ ಮಳೆಯೇ ದೊರೆ.

ಈ ಊರಿನಲ್ಲಿ ನಮ್ಮ ಸರ್ವಜ್ಞನೂ ಇದ್ದಾನೆ. 2009ರ ಆಗಸ್ಟ್ 9ರಂದು ಬೆಂಗಳೂರಿನ ಹಲಸೂರಿನಲ್ಲಿ, ವರ್ಷಗಟ್ಟಲೆ ಮುಸುಕು ಹೊದ್ದಿದ್ದ ತಿರುವಳ್ಳುವರ್ ಪ್ರತಿಮೆ ಅನಾವರಣವಾಯಿತು. ನಾಲ್ಕು ದಿನ ಕಳೆದು ಇಲ್ಲಿನ ಅಯನಾವರಂನಲ್ಲಿ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡಿತು. ಇಬ್ಬರೂ ಕಿರಿದರಲ್ಲಿ ಹಿರಿದನ್ನು ಹೇಳಿದವರು ಎಂದು ಅಂದು ಎರಡೂ ಕಡೆಯವರು ಹೊಗಳಿದರು. ಆದರೆ ಒಬ್ಬನ ಗ್ರಂಥ ಕಟ್ಟಿಕೊಂಡೇ ಬಂದದ್ದು, ಇನ್ನೊಬ್ಬನ ಮಾತು ಊರೂರು ಸುತ್ತಿ ಚದುರಿದ್ದು. ಸರ್ವಜ್ಞನ ತ್ರಿಪದಿಗಳಿಗೆ ಮೊದಲಿಲ್ಲ, ಕೊನೆಯಿಲ್ಲ. ಓಲೆಗಳಿಂದಲೂ ಜನರ ಬಾಯಿಂದಲೂ ಅವನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದ ಉತ್ತಂಗಿ ಚನ್ನಪ್ಪನವರು ವಿಷಯವಾರು ವಿಂಗಡಿಸಿ ಒಂದೊಂದು ವಿಭಾಗವನ್ನೂ ‘ಪದ್ಧತಿ’ ಎಂದು ಕರೆದರು. ಕ್ರೈಸ್ತ ಪಾದ್ರಿಯಾಗಿದ್ದ ಅವರಿಗೆ ಈ ಹೆಸರಿನ ಹಿಂದಿನ ಪರಂಪರೆಯ ಅರಿವಿತ್ತು ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ಭರ್ತೃಹರಿಯ ನೀತಿಶತಕದಲ್ಲಿ ಮೂರ್ಖಪದ್ಧತಿ, ವಿದ್ವತ್ಪದ್ಧತಿ ಎಂಬ ಭಾಗಗಳಿವೆ. ಸುಭಾಷಿತ ಸಂಗ್ರಹಗಳಿಗೆ ಒಪ್ಪುವ ವಿಭಾಗವೇ ಅದು. ಬಿಡಿ ಮಾತುಗಳ ರಾಶಿಗೆ ‘ಅಧ್ಯಾಯ’ ಎಂದು ಹೆಸರಿಟ್ಟಿದ್ದರೆ ಸರ್ವಜ್ಞ ಕುಳಿತು ಪುಸ್ತಕ ಬರೆದನೆಂಬ ಸುಳ್ಳು ಹುಟ್ಟಿಕೊಳ್ಳುತ್ತಿತ್ತು. ಪದ್ಧತಿ ಎಂದಾಗ ಇದು ಆಯ್ದು ಜೋಡಿಸಿದ್ದು ಎಂಬುದು ಹೆಸರಿನಲ್ಲೇ ಉಳಿಯಿತು.

ನಾನು ಹೇಳಹೊರಟಿದ್ದೂ ಇದನ್ನೇ. ಕೃತಿಯ ಭಾಗಕ್ಕೆ ಇಟ್ಟ ಹೆಸರು ಅಲಂಕಾರವಲ್ಲ. ಆ ಕೃತಿ ಹೇಗೆ ಹುಟ್ಟಿತು, ಅದನ್ನು ಹೇಗೆ ಕೇಳುತ್ತಿದ್ದರು, ಎಲ್ಲಿ ನಿಲ್ಲಿಸುತ್ತಿದ್ದರು ಎಂಬುದನ್ನೆಲ್ಲ ಆ ಒಂದು ಪದ ಬಲ್ಲದು. ಇವತ್ತು ಎಲ್ಲವನ್ನೂ ಅಧ್ಯಾಯ ಒಂದು, ಅಧ್ಯಾಯ ಎರಡು ಎಂದು ಸಪಾಟು ಮಾಡುತ್ತಿದ್ದೇವೆ. ನನಗೆ ಇದು ಸಣ್ಣ ನಷ್ಟವಾಗಿ ಕಾಣುವುದಿಲ್ಲ.

ಕರ್ನಲ್ ಮೆಕೆಂಜಿ, ಲೇಡನ್, ಸಿ. ಪಿ. ಬ್ರೌನ್ ಕೂಡಿಸಿದ ಓಲೆ ಮತ್ತು ಕಾಗದದ ರಾಶಿಯಿಂದ ಬೆಳೆದ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯ ಚೆನ್ನೈಯಲ್ಲಿದೆ. ತಮಿಳು, ತೆಲುಗು, ಗ್ರಂಥಲಿಪಿಗಳ ಜೊತೆಗೆ ಕನ್ನಡದ ಕಟ್ಟುಗಳೂ ಅಲ್ಲಿವೆ. ಓಲೆಕಟ್ಟನ್ನು ಎಂದೂ ಬಿಚ್ಚಿ ನೋಡದವರಿಗೆ ಒಂದು ಸಂಗತಿ ಹೇಳಬೇಕು. ಓಲೆಯಲ್ಲಿ ಮುಖಪುಟವಿಲ್ಲ. ಶೀರ್ಷಿಕೆಗೆ ಬೇರೆ ಅಕ್ಷರವಿಲ್ಲ, ಪದ ಪದಕ್ಕೆ ನಡುವೆ ತೆರಪಿಲ್ಲ. ಬರೆಯುವ ಕಂಟದ ಮೊನೆ ಗರಿಯ ಎಡ ಅಂಚಿನಿಂದ ಬಲ ಅಂಚಿನವರೆಗೆ, ದಾರದ ರಂಧ್ರದ ಸುತ್ತ ಸ್ವಲ್ಪ ಜಾಗ ಬಿಟ್ಟು, ಒಂದೇ ಉಸಿರಿನಲ್ಲಿ ಸಾಗುತ್ತದೆ. ಸಂಖ್ಯೆ ಬೀಳುವುದು ಪುಟಕ್ಕಲ್ಲ, ಗರಿಗೆ. ಒಂದು ಆಶ್ವಾಸ ಮುಗಿಯಿತೆಂದು ಲಿಪಿಕಾರ ಹೊಸ ಗರಿ ಎತ್ತಿಕೊಳ್ಳಬೇಕಾಗಿಲ್ಲ. ಎರಡು ಗೀಟು ಎಳೆದು, ಒಂದು ಶ್ರೀಕಾರ ಬರೆದು, ಅದೇ ಸಾಲಿನಲ್ಲಿ ಮುಂದಿನದನ್ನು ಆರಂಭಿಸಬಹುದು. ಹಾಗಿದ್ದಾಗ ಒಂದು ಭಾಗ ಮುಗಿಯಿತೆಂಬುದನ್ನು ಕೃತಿ ತನ್ನ ಬಾಯಿಂದಲೇ ಹೇಳಿಕೊಳ್ಳಬೇಕು. ನಮ್ಮ ಚಂಪೂ ಕವಿಗಳು ಆಶ್ವಾಸದ ಕೊನೆಗೆ ಗದ್ಯವೊಂದನ್ನು ಇಟ್ಟದ್ದು ಈ ಕೆಲಸಕ್ಕೆ.

ಪಂಪನ ವಿಕ್ರಮಾರ್ಜುನವಿಜಯದಲ್ಲಿ 14 ಆಶ್ವಾಸಗಳಿವೆ. ಒಂದೊಂದರ ಕೊನೆಯಲ್ಲೂ ಕವಿಯ ಬಿರುದು, ಕಾವ್ಯದ ಹೆಸರು, ಮುಗಿದ ಆಶ್ವಾಸದ ಎಣಿಕೆ, ಎಲ್ಲವೂ ಒಂದೇ ಉದ್ದನೆಯ ವಾಕ್ಯದಲ್ಲಿ ಹರಿದು ಬರುತ್ತವೆ. ಕಥೆಯ ಬಿಸಿಯಲ್ಲಿರುವ ಓದುಗನಿಗೆ ಇದು ಅಡ್ಡಿ ಅನ್ನಿಸಬಹುದು. ಆದರೆ ಹುಳ ಹೊಡೆದು ಮೊದಲ ಹತ್ತು ಗರಿ ಹೋದ ಕಟ್ಟನ್ನು ನೆನೆಸಿಕೊಳ್ಳಿ. ಇಂದಿನ ಪುಸ್ತಕದಲ್ಲಿ ಮುಖಪುಟ ಹರಿದರೆ ಕರ್ತೃವಿನ ಹೆಸರೇ ಹೋದಂತೆ. ಓಲೆಕಟ್ಟಿನಲ್ಲಿ ಒಂದೇ ಒಂದು ಆಶ್ವಾಸದ ಕೊನೆ ಉಳಿದರೂ ಇದು ಯಾರದು, ಯಾವ ಕಾವ್ಯ, ಎಷ್ಟನೆಯ ಭಾಗ ಎಂದು ಹೇಳಬಹುದು. ಕವಿ ತನ್ನ ಹೆಸರನ್ನು ಒಂದೇ ಕಡೆ ಇಡದೆ ಗೆಣ್ಣು ಗೆಣ್ಣಿಗೂ ಹಂಚಿಟ್ಟ. ಕಬ್ಬು, ಬಿದಿರುಗಳ ಗೆಣ್ಣಿಗೆ ಸಂಸ್ಕೃತದಲ್ಲಿ ಪರ್ವ ಎನ್ನುತ್ತಾರೆ. ಮಹಾಭಾರತದ ಭಾಗಗಳಿಗೆ ಆ ಹೆಸರು ಬಿದ್ದದ್ದು ಎಷ್ಟು ಸರಿ.

ಕನ್ನಡದ ಅತಿ ದೊಡ್ಡ ವಾದಗಳಲ್ಲೊಂದು ನಡೆದದ್ದು ಇಂಥ ಕೊನೆಯ ಮಾತುಗಳ ಆಧಾರದ ಮೇಲೆಯೇ. ಕವಿರಾಜಮಾರ್ಗದಲ್ಲಿ ಮೂರು ಪರಿಚ್ಛೇದಗಳು. ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅದೇ ಮೊದಲನೆಯದು. ಅದನ್ನು ಬರೆದವನು ರಾಷ್ಟ್ರಕೂಟ ದೊರೆ ನೃಪತುಂಗನೋ, ಅವನ ಸಭೆಯ ಶ್ರೀವಿಜಯನೋ? ಪರಿಚ್ಛೇದದ ಕೊನೆಯಲ್ಲಿ ಬರುವ ‘ನೃಪತುಂಗದೇವಾನುಮತ’ ಎಂಬ ಪದವನ್ನು ಹಿಡಿದು ವಿದ್ವಾಂಸರು ದಶಕಗಟ್ಟಲೆ ವಾದಿಸಿದರು. ದೊರೆ ಒಪ್ಪಿದ್ದು ಎಂದರೆ ದೊರೆಯೇ ಬರೆದದ್ದು ಎಂದಾಗಲಿಲ್ಲ ಎಂದು ಒಂದು ಪಕ್ಷ. ನಾನೂ ಆ ಪಕ್ಷದವನೇ. ಆ ಗ್ರಂಥವನ್ನು ಕೆ. ಬಿ. ಪಾಠಕರು 1898ರಲ್ಲಿ ಮೊದಲು ಅಚ್ಚು ಹಾಕಿಸಿದರು; 1930ರಲ್ಲಿ ಎ. ವೆಂಕಟರಾವ್ ಮತ್ತು ಎಚ್. ಶೇಷ ಅಯ್ಯಂಗಾರ್ ಸಂಪಾದಿಸಿದ ಪ್ರತಿ ಹೊರಬಂದದ್ದು ಇದೇ ಊರಿನ ಮದ್ರಾಸು ವಿಶ್ವವಿದ್ಯಾಲಯದಿಂದ. ಸಂಪಾದಕರು ಆ ಕೊನೆಯ ಸಾಲುಗಳನ್ನು ‘ಬರೀ ಸಮಾಪ್ತಿವಾಕ್ಯ’ ಎಂದು ಬಿಟ್ಟುಬಿಟ್ಟಿದ್ದರೆ? ಈಚೆಗೆ ನನ್ನ ಕೈಗೆ ಬಂದ ಹಳಗನ್ನಡ ಕಾವ್ಯವೊಂದರ ಜನಪ್ರಿಯ ಆವೃತ್ತಿಯಲ್ಲಿ ಹಾಗೆಯೇ ಬಿಟ್ಟಿದ್ದಾರೆ. ಕಥೆ ಪೂರ್ತಿ ಇದೆ, ಆಶ್ವಾಸಾಂತ್ಯದ ಗದ್ಯ ಒಂದೂ ಇಲ್ಲ. ಹಾಳೆ ಉಳಿಸಲು ಕವಿಯ ರುಜುವನ್ನೇ ಅಳಿಸಿದ್ದಾರಲ್ಲ ಎಂದು ಬಹಳ ನೊಂದುಕೊಂಡೆ.

ಕುಮಾರವ್ಯಾಸನಿಗೆ ಬಂದರೆ ಗದ್ಯದ ಜಾಗದಲ್ಲಿ ಸೂಚನೆ ಇದೆ. ಅವನ ಭಾರತ 10 ಪರ್ವ, 152 ಸಂಧಿ. ಸಂಧಿಯ ತಲೆಯಲ್ಲಿ ಸೂಚನೆಯ ಪದ್ಯ, ಮುಂದೆ ಬರುವ ಕಥೆಯ ಸಾರ ಅದರಲ್ಲಿ ಅಡಕ. ಇದು ಓದುವವನಿಗಿಂತ ಕೇಳುವವನಿಗಾಗಿ ಇಟ್ಟದ್ದು. ಗಮಕಿ ಸೂಚನೆಯನ್ನು ಹಾಡಿದಾಗ ಜಗಲಿಯ ಮೇಲಿದ್ದವರು ಇವತ್ತು ಏನು ನಡೆಯಲಿದೆ ಎಂದು ತಿಳಿದು ಕುಳಿತುಕೊಳ್ಳುತ್ತಾರೆ. ಏನಾಗುತ್ತದೆ ಎಂಬ ಕುತೂಹಲಕ್ಕೆ ಅಲ್ಲಿ ಬೆಲೆಯಿಲ್ಲ, ಹೇಗೆ ಹೇಳುತ್ತಾನೆ ಎಂಬುದಕ್ಕೇ ಬೆಲೆ. ಕಥೆಯ ಗುಟ್ಟು ಮೊದಲೇ ಬಿಟ್ಟುಕೊಟ್ಟು ಆಮೇಲೆ ಸಭೆಯನ್ನು ಹಿಡಿದಿಡುವುದಕ್ಕೆ ಎಂಥ ಧೈರ್ಯ ಬೇಕು! ನಿನ್ನೆ ಮುಗಿದ ಸಂಜೆಗೂ ಇವತ್ತು ತೊಡಗುವ ಸಂಜೆಗೂ ನಡುವಿನ ಕೀಲೇ ಸಂಧಿ.

ಪರ್ವಗಳ ಲೆಕ್ಕದಲ್ಲೂ ಕವಿಯ ತೀರ್ಮಾನ ಕಾಣುತ್ತದೆ. ವ್ಯಾಸಭಾರತದ 18 ಪರ್ವಗಳಲ್ಲಿ ಗದಾಯುದ್ಧ ಶಲ್ಯಪರ್ವದ ಒಳಗೇ ಬರುತ್ತದೆ. ಕುಮಾರವ್ಯಾಸ ಅದನ್ನು ಹೊರತೆಗೆದು ಗದಾಪರ್ವ ಎಂದು ಹತ್ತನೆಯದಾಗಿ ನಿಲ್ಲಿಸಿ ಅಲ್ಲಿಗೆ ಕಾವ್ಯವನ್ನೇ ಮುಗಿಸಿದ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಪೂರೈಸಬೇಕಾಯಿತು. ಗದಾಪರ್ವದಾಚೆ ಕುಮಾರವ್ಯಾಸನಿಗೆ ಹೇಳಬೇಕಾದ್ದು ಉಳಿದಿರಲಿಲ್ಲ ಎಂದೇ ನಾನು ಓದುತ್ತೇನೆ. ವಿಭಾಗ ಮಾಡುವುದೂ ಒಂದು ವಿಮರ್ಶೆ.

ಕೆಲವು ಭಾಗಗಳಂತೂ ಗ್ರಂಥದಿಂದ ಬೇರೆಯಾಗಿ ತಾವೇ ಬದುಕಿವೆ. ಮಳೆ ಕೈಕೊಟ್ಟರೆ ನಮ್ಮ ಹಳ್ಳಿಗಳಲ್ಲಿ ಓದಿಸುತ್ತಿದ್ದದ್ದು ಇಡೀ ಭಾರತವನ್ನಲ್ಲ, ವಿರಾಟಪರ್ವವನ್ನು. ಮೈಲಾಪುರದ ಕಪಾಲೀಶ್ವರ ಗುಡಿಯ ಸುತ್ತಲಿನ ಪುಸ್ತಕದಂಗಡಿಗಳಲ್ಲಿ ಸುಂದರಕಾಂಡ ಬಿಡಿಯಾಗಿ ಸಿಗುತ್ತದೆ. ಪಾರಾಯಣ ಮಾಡುವವರಿಗೆ ಅದೇ ಪೂರ್ಣಗ್ರಂಥ. ಅದೇ ಕಾಂಡ ಎಂಬ ಪದ ನಮ್ಮ ಪತ್ರಿಕೆಗಳ ಕೈಯಲ್ಲಿ ಹತ್ಯಾಕಾಂಡವಾಗಿ, ಹಗರಣಗಳ ಕರ್ಮಕಾಂಡವಾಗಿ ಸವೆಯುತ್ತಿರುವುದು ಬೇರೆ ಮಾತು.

ತಮಿಳಿನೊಡನೆ ನಮ್ಮದನ್ನು ಇಟ್ಟು ನೋಡುವ ಭಾಗ್ಯ ಇಲ್ಲಿರುವ ಕನ್ನಡಿಗರಿಗಿದೆ. ಜೀವಂಧರನ ಕಥೆಯನ್ನೇ ತೆಗೆದುಕೊಳ್ಳಿ. ಜೈನರ ಈ ರಾಜಕುಮಾರ ರಾಜ್ಯ ಕಳೆದುಕೊಂಡು ಅಲೆಯುತ್ತ, ಒಬ್ಬೊಬ್ಬಳನ್ನೇ ಮದುವೆಯಾಗುತ್ತ, ಕೊನೆಗೆ ಎಲ್ಲ ಬಿಟ್ಟು ದೀಕ್ಷೆ ಹಿಡಿಯುತ್ತಾನೆ. ಸಂಸ್ಕೃತದಲ್ಲಿ ವಾದೀಭಸಿಂಹ ಕ್ಷತ್ರಚೂಡಾಮಣಿಯನ್ನು 11 ಲಂಬಗಳಲ್ಲಿ ಬರೆದ. ತಮಿಳಿನ ಜೀವಕ ಚಿಂತಾಮಣಿಯಲ್ಲಿ 13 ಇಲಂಬಕಗಳು. ಅವುಗಳಲ್ಲಿ ಹೆಚ್ಚಿನವಕ್ಕೆ ಅಲ್ಲಲ್ಲಿ ಕೈಹಿಡಿದವಳ ಹೆಸರೇ ಇದೆ. ಈ ಹೆಸರುಗಳ ಹಿಂದಿರುವ ಲಂಭ ಎಂದರೆ ಪಡೆಯುವುದು. ಒಂದೊಂದು ಭಾಗವೂ ಒಂದೊಂದು ಪಡೆಯುವಿಕೆ, ಎಲ್ಲವನ್ನೂ ಕೂಡಿಸಿದರೆ ಬಿಟ್ಟುಕೊಡುವ ಕಥೆ. ಆ ಕಾವ್ಯವನ್ನು ಓಲೆಗಳಿಂದ ಎತ್ತಿ 1887ರಲ್ಲಿ ಅಚ್ಚಿಗೆ ತಂದ ಉ. ವೇ. ಸ್ವಾಮಿನಾಥ ಅಯ್ಯರ್ ಅವರ ಹೆಸರಿನ ಗ್ರಂಥಾಲಯ ಬೆಸೆಂಟ್ ನಗರದಲ್ಲಿದೆ. ಇದೇ ಕಥೆಯನ್ನು 15ನೇ ಶತಮಾನದಲ್ಲಿ ಭಾಸ್ಕರ ಕನ್ನಡಕ್ಕೆ ತಂದಾಗ ಭಾಮಿನಿ ಷಟ್ಪದಿ ಹಿಡಿದು, ಸಂಧಿಗಳಾಗಿ ಕಟ್ಟಿದ. ಕಥೆ ಒಂದೇ, ಆದರೆ ಅದು ಜಗಲಿಯ ಮೇಲೆ ಹಾಡುವವರ ಕೈಗೆ ಬಂದಿತ್ತು.

ಇನ್ನೊಂದು ದಾರಿಯಲ್ಲಿ ನಮ್ಮ ಪದವೇ ಅತ್ತ ಹೋಗಿದೆ. ಚಾಮರಸ ಪ್ರಭುಲಿಂಗಲೀಲೆಯನ್ನು 25 ಗತಿಗಳಲ್ಲಿ ಹೇಳಿದ. ಎಲ್ಲೂ ನಿಲ್ಲದೆ ನಡೆದ ಅಲ್ಲಮನ ಕಥೆಗೆ ಸಂಧಿಯಲ್ಲ, ಸ್ಥಲವಲ್ಲ, ಗತಿ. ಇದಕ್ಕಿಂತ ತಕ್ಕ ಹೆಸರನ್ನು ಯಾರು ಹುಡುಕಿಯಾರು! ತಮಿಳಿನ ಶಿವಪ್ರಕಾಶ ಸ್ವಾಮಿಗಳು ಆ ಕಾವ್ಯವನ್ನು ತಮ್ಮ ನುಡಿಗೆ ತಂದಾಗ ಕೈಯಳತೆಯಲ್ಲೇ ಪಡಲಂ, ಚರುಕ್ಕಂ ಎಂಬ ಪದಗಳಿದ್ದವು. ಅವನ್ನು ಬಿಟ್ಟು ಗತಿಯನ್ನು ಗತಿಯಾಗಿಯೇ ಉಳಿಸಿಕೊಂಡರು. ಇನ್ನೊಬ್ಬ ಕವಿಯ ವಿಭಾಗವನ್ನು ಹೇಗೆ ಗೌರವಿಸಬೇಕೆಂದು ಅವರಿಂದ ಕಲಿಯಬೇಕು.

ಹೊಸ ಕಾಲದವರಲ್ಲಿ ಕುವೆಂಪು ಈ ವಿಷಯವನ್ನು ಮನಸ್ಸಿಟ್ಟು ಯೋಚಿಸಿದ್ದರು. ರಾಮಾಯಣ ದರ್ಶನಕ್ಕೆ ವಾಲ್ಮೀಕಿಯ ಏಳು ಕಾಂಡಗಳನ್ನು ಅವರು ತೆಗೆದುಕೊಳ್ಳಲಿಲ್ಲ. ಅಯೋಧ್ಯಾ, ಕಿಷ್ಕಿಂಧಾ, ಲಂಕಾ, ಶ್ರೀ ಎಂದು ನಾಲ್ಕು ಸಂಪುಟ, ಅವುಗಳೊಳಗೆ ಐವತ್ತು ಸಂಚಿಕೆ. ಸಂಪುಟ, ಸಂಚಿಕೆ ಎಂದರೆ ಮದ್ರಾಸಿನ ಕನ್ನಡ ಮನೆಗಳ ಹಳಬರಿಗೆ ಇನ್ನೊಂದು ನೆನಪು. 1949ರಿಂದ ಕನ್ನಡ ಚಂದಮಾಮ ತಯಾರಾಗಿ ಬರುತ್ತಿದ್ದದ್ದು ಈ ಊರಿನಿಂದಲೇ. ಧಾರಾವಾಹಿಯ ಮುಂದಿನ ಭಾಗಕ್ಕಾಗಿ ತಿಂಗಳಿಡೀ ಕಾದ ಮಕ್ಕಳಿಗೆ ಸಂಚಿಕೆ ಎಂಬುದು ಅಂಚೆಯವನು ತರುವ ವಸ್ತು. ಈಗ ಟೀವಿ ಧಾರಾವಾಹಿಯವರೂ ‘ನಿನ್ನೆಯ ಸಂಚಿಕೆಯಲ್ಲಿ’ ಎನ್ನುತ್ತಾರೆ. ಮಹಾಕಾವ್ಯದಿಂದ ಟೀವಿಯವರೆಗೆ ಒಂದೇ ಪದ ಹೀಗೆ ಓಡಾಡಿಕೊಂಡಿರುವುದು ನನಗೆ ಸಂತೋಷದ ವಿಷಯ.

ಈಗ ಹಳೆಯ ಕಾವ್ಯಗಳನ್ನು ಗಣಕಕ್ಕೆ ಹತ್ತಿಸುವ ಕೆಲಸ ಅನೇಕ ಕಡೆ ನಡೆದಿದೆ. ನನಗೆ ಗೊತ್ತಿರುವ ತರುಣರೂ ಮಾಡುತ್ತಿದ್ದಾರೆ, ಸಂಬಳವಿಲ್ಲದೆ, ಪ್ರೀತಿಯಿಂದ. ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿದೊಡನೆ ಪುಟದ ಲೆಕ್ಕ ಬದಲಾಗುತ್ತದೆ. ಇಂಥ ಪುಟ ನೋಡಿ ಎಂದು ಯಾರಿಗೂ ಹೇಳುವಂತಿಲ್ಲ. ಓಲೆಯ ಕಾಲದಲ್ಲೂ ಇದೇ ಸ್ಥಿತಿ. ಒಬ್ಬ ಲಿಪಿಕಾರನ ನೂರನೆಯ ಗರಿ ಇನ್ನೊಬ್ಬನ ಎಂಬತ್ತನೆಯದು. ಆಗಲೂ ಈಗಲೂ ಪದ್ಯವೊಂದರ ವಿಳಾಸ ಒಂದೇ: ಪರ್ವ, ಸಂಧಿ, ಪದ್ಯದ ಸಂಖ್ಯೆ, ಇಲ್ಲವೇ ಆಶ್ವಾಸ, ಪದ್ಯ. ಅದಕ್ಕೇ ಆ ತರುಣರಲ್ಲಿ ನಾನು ಎರಡು ಮಾತು ಕೇಳಿಕೊಂಡಿದ್ದೇನೆ. ಚಾಮರಸನದನ್ನು ಹತ್ತಿಸುವಾಗ ಶೀರ್ಷಿಕೆಯ ಜಾಗದಲ್ಲಿ ಅಧ್ಯಾಯ ಎಂದು ಹಾಕಬೇಡಿ, ಗತಿ ಎಂದೇ ಇರಲಿ. ಪಂಪನದನ್ನು ಹತ್ತಿಸುವಾಗ ಆಶ್ವಾಸದ ಕೊನೆಯ ಗದ್ಯ ಹದಿನಾಲ್ಕು ಸಲ ಮರುಕಳಿಸಿದರೆ ಹದಿನಾಲ್ಕು ಸಲವೂ ಅದನ್ನು ಬೆರಳಚ್ಚು ಮಾಡಿ.